ಆ ಮಾತ್ರೆ ನುಂಗಿಸಬೇಡಿ

ಇಸ್ತ್ರಿ ಅಂಗಡಿಯ ಅಕ್ಕ ಅಂಗಿಯ ಕಾಲರು ತಿಕ್ಕುತ್ತಿದ್ದಳು. ಇದ್ದಕ್ಕಿದ್ದಂತೆ ತಲೆ ಸಿಡಿದುಹೋಗುವಂಥ ನೋವು ಬಂತು. ವಾಂತಿಯಾಯಿತು. ಎಡಗೈ ಜೋತುಬಿತ್ತು, ಬಾಯಿ ವಾರೆಯಾಯಿತು, ಮಾತು ತೊದಲಿತು.

ಪಕ್ಕದ ಬೀದಿಯಲ್ಲಿದ್ದ ತಂಗಿ ಆರೋಗ್ಯ ಕಾರ್ಯಕರ್ತೆ. ಸುದ್ದಿ ತಿಳಿದು ಅವಳು ಓಡಿಬಂದಾಗ ಅಕ್ಕ ಬಟ್ಟೆಗಂಟಿಗೆ ಒರಗಿದ್ದಳು. ಭಾವ ರಟ್ಟಿನಿಂದ ಗಾಳಿ ಬೀಸುತ್ತಿದ್ದ.

"ಎಷ್ಟು ಹೊತ್ತಾಯ್ತು ಭಾವ?"

"ಅರ್ಧ ಗಂಟೆ ಆಗಿರ್ಬೇಕು. ಪಿತ್ತ ಕಣೇ. ಕೆಂಡದ ಮುಂದೆ ನಿಂತೂ ನಿಂತೂ ತಲೆಗೇರಿದೆ. ಮಲಗಿ ಎದ್ರೆ ಸರಿಹೋಗ್ತಾಳೆ."

"ಪಿತ್ತಕ್ಕೆ ಬಾಯಿ ವಾರೆ ಆಗತ್ತಾ? ಅರ್ಧ ಗಂಟೆ ಗಾಳಿ ಹಾಕ್ತಾ ಕೂತಿದ್ದೀರಲ್ಲ!"

ತಂಗಿ ಆಂಬುಲೆನ್ಸಿಗೆ ಫೋನು ಮಾಡಿದಳು. ಅಷ್ಟರಲ್ಲಿ ಪಕ್ಕದ ಸೈಕಲ್ ರಿಪೇರಿ ಅಂಗಡಿಯ ಮಾವ ಮಾತ್ರೆ ಹಿಡಿದು ಬಂದ.

"ಇದು ಲಕ್ವಾನೇ. ನಮ್ಮಣ್ಣನಿಗೆ ಆದಾಗ ಡಾಕ್ಟ್ರು ಕೊಟ್ಟಿದ್ದು. ರಕ್ತ ತೆಳು ಮಾಡತ್ತೆ. ನುಂಗಿಸು."

ಭಾವ ನೀರಿನ ಲೋಟ ಎತ್ತಿಯೇಬಿಟ್ಟ. ತಂಗಿ ಅವನ ಕೈ ಹಿಡಿದಳು.

"ನಿಮ್ಮಣ್ಣನಿಗೆ ರಕ್ತ ಹೆಪ್ಪುಗಟ್ಟಿತ್ತು ಮಾವ. ಇವಳಿಗೆ ನಾಳ ಒಡೆದು ಮೆದುಳಲ್ಲಿ ರಕ್ತ ಸೋರ್ತಿದ್ರೆ? ಸೋರೋದನ್ನ ಇನ್ನೂ ತೆಳು ಮಾಡ್ತೀರಾ? ತಲೆ ಸ್ಕ್ಯಾನ್ ಮಾಡದೆ ದೊಡ್ಡ ಡಾಕ್ಟ್ರಿಗೂ ಯಾವುದು ಅಂತ ಗೊತ್ತಾಗಲ್ಲ. ಪಂಕ್ಚರ್ ಹಾಕೋ ನಿಮಗೆ ಗೊತ್ತಾಗೋಯ್ತಾ?"

"ಒಳ್ಳೇದಕ್ಕೇ ಹೇಳ್ದೆ ಕಣಮ್ಮ..."

"ಒಳ್ಳೇ ಮನಸ್ಸಿಂದ ಹಳ್ಳಕ್ಕೆ ತಳ್ಳಿದ್ರೂ ಬೀಳೋದು ಹಳ್ಳಕ್ಕೇ. ನೀರೂ ಬೇಡ, ಉಸಿರಿನ ದಾರಿಗೆ ಹೋಗತ್ತೆ."

ಅಕ್ಕನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸುತ್ತಾ ಕೇಳಿದಳು: "ಬಿಪಿ ಮಾತ್ರೆ ತಗೋತಿದ್ಲಾ?"

ಭಾವ ನೆಲ ನೋಡಿದ. "ಚೆನ್ನಾಗೇ ಇದ್ಲಲ್ಲ... ಎರಡು ತಿಂಗಳಿಂದ ನಾನೇ ಬೇಡ ಅಂದೆ."

ತಂಗಿಗೆ ಮೈಯೆಲ್ಲ ಉರಿದುಹೋಯಿತು. "ಚೆನ್ನಾಗಿದ್ದಿದ್ದು ಆ ಮಾತ್ರೆಯಿಂದ್ಲೇ ಭಾವ!"

ಹತ್ತಿರದ ಕ್ಲಿನಿಕ್ಕಿಗೆ ಹೋಗೋಣವೆಂದ ಭಾವನ ಮಾತಿಗೆ ಅವಳು ಸೊಪ್ಪು ಹಾಕಲಿಲ್ಲ. ಆಂಬುಲೆನ್ಸ್ ಬಂದ ಕೂಡಲೇ ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದೊಯ್ದರು. ಹೌದು, ಮೆದುಳಿನಲ್ಲಿ ರಕ್ತ ಸೋರಿತ್ತು. ಡಾಕ್ಟರು ಕೂಡಲೇ ಬಿಪಿ ಇಳಿಸುವ ಔಷಧಿಯನ್ನು ನರಕ್ಕೆ ಹರಿಸಿದರು. ಮಾತ್ರೆಯ ವಿಷಯ ತಂಗಿಯಿಂದ ಕೇಳಿ, "ಸೋರಿಕೆ ಹೆಚ್ಚಾದ್ರೆ ಆಪರೇಷನ್ ಬೇಕಾಗಬಹುದು. ಆ ಮಾತ್ರೆ ಕೊಡದೆ ಒಳ್ಳೇದು ಮಾಡಿದ್ರಿ" ಎಂದರು. ಮರುದಿನದ ಸ್ಕ್ಯಾನಿನಲ್ಲಿ ಸೋರಿಕೆ ನಿಂತಿತ್ತು.

ಅಕ್ಕ ಬದುಕಿದಳು. ಆದರೆ ಎಡಗೈಗೆ ಇನ್ನೂ ಬಲ ಬಂದಿಲ್ಲ. ದಿನವೂ ವ್ಯಾಯಾಮ ಮಾಡಿಸುತ್ತಾರೆ. ಈಗ ಬೆಳಿಗ್ಗೆ ಬಿಪಿ ಮಾತ್ರೆ ಕೈಗಿಡುವವನು ಭಾವನೇ. "ನುಂಗಿದ್ಯಾ, ಬಾಯಿ ತೆಗಿ ನೋಡೋಣ" ಅನ್ನುತ್ತಾನೆ. "ಆ ಅರ್ಧ ಗಂಟೆ ವಾಪಸ್ ಕೊಡ್ತೀಯಾ?" ಎಂದು ಅಕ್ಕ ಕೇಳಿದರೆ ಅವಳ ಎಡಗೈ ಹಿಡಿದು ವ್ಯಾಯಾಮ ಶುರುಮಾಡುತ್ತಾನೆ.

ಓದುತ್ತಿರುವವರೇ, ನಿಮ್ಮ ಮನೆಯಲ್ಲಿ ಯಾರದಾದರೂ ಬಾಯಿ ವಾರೆಯಾದರೆ, ಕೈ ಸೋತರೆ, ಮಾತು ತೊದಲಿದರೆ, ಹಿಂದೆಂದೂ ಕಾಣದ ತಲೆನೋವು ಬಂದರೆ, ಶುರುವಾದ ಹೊತ್ತು ನೆನಪಿಟ್ಟುಕೊಂಡು ತಕ್ಷಣ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ಬಿಪಿ ಮಾತ್ರೆಯನ್ನು ಡಾಕ್ಟರು ಹೇಳದೆ ನಿಲ್ಲಿಸಬೇಡಿ. ಪಕ್ಕದ ಮನೆಯವರ ಮಾತ್ರೆ ಪಕ್ಕದ ಮನೆಯಲ್ಲೇ ಇರಲಿ.