ಕಾಲರಿನ ಒಳಗಿನ ಮಾತು

ಟೈಲರಮ್ಮನಿಗೆ ಹೊಲಿಗೆಯಲ್ಲಿ ಕೈ ಎಷ್ಟು ಚುರುಕೋ ಮಾತಿನಲ್ಲಿ ಬಾಯಿ ಅಷ್ಟೇ ಬಿಗಿ. ಗಿರಾಕಿ ಬಂದರೆ ಯಂತ್ರದ ಹಿಂದೆ ತಲೆ ತಗ್ಗಿಸುವಳು. ಅಂಗಡಿಯ ಮುಂದೆ ಇಸ್ತ್ರಿ ಮಾಡುವ ಗಂಡನೇ ಅಳತೆ ಬರೆದುಕೊಂಡು, ನಗಿಸಿ ಕಳಿಸುವನು. ಬೆಳಿಗ್ಗೆ ಅವಳು ಬರುವ ಮೊದಲೇ ಯಂತ್ರಕ್ಕೆ ಎಣ್ಣೆ ಬಿಟ್ಟು, ಆರು ಬಾಬಿನ್‌ಗಳಿಗೆ ದಾರ ಸುತ್ತಿಟ್ಟಿರುವನು. ಐದು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ.

ಅದಕ್ಕೊಂದು ಒಳ್ಳೆಯ ಮಾತು ಹೇಳಬೇಕೆಂದು ಅವಳಿಗೆ ಎಷ್ಟು ಆಸೆ! "ರೀ" ಅನ್ನುವಳು. "ಏನೇ?" ಅಂದರೆ "ಕತ್ತರಿ ಕೊಡಿ" ಅನ್ನುವಳು. ಕತ್ತರಿ ಅವಳ ಕೈಯಲ್ಲೇ ಇರುತ್ತಿತ್ತು.

ಬಾಯಿ ಕೈಕೊಟ್ಟರೇನು, ಕೈ ಇದೆಯಲ್ಲ! ಗಂಡನಿಗೆಂದು ತಿಳಿನೀಲಿ ಅಂಗಿ ಹೊಲಿದಳು. ಕಾಲರಿನ ಒಳಪಟ್ಟಿಯಲ್ಲಿ ಕೆಂಪು ದಾರದಿಂದ 'ನೀವಿದ್ದೀರಿ, ಸಾಕು' ಎಂದು ಬರೆದಳು. ಅದೇ ವಾರ ಶಾಲೆ ವ್ಯಾನಿನ ಡ್ರೈವರ್ ಸಮವಸ್ತ್ರಕ್ಕೆ ಅದೇ ಬಟ್ಟೆ ಕೊಟ್ಟಿದ್ದ, ಮೈಯಳತೆಯೂ ಗಂಡನದೇ. ಎರಡಕ್ಕೂ ಹೆಸರಿನ ಚೀಟಿ ಚುಚ್ಚುವಾಗ ನಾಚಿಕೆಯಲ್ಲಿ ಅವಳ ಕಣ್ಣು ಎಲ್ಲೋ ಇತ್ತು.

ಡ್ರೈವರ್ ತನ್ನ ಹೆಸರಿನ ಅಂಗಿ ಒಯ್ದ, ಗಂಡ ತನ್ನ ಹೊಸ ಅಂಗಿ ತೊಟ್ಟ. ಅವಳು ಉಸಿರು ಬಿಗಿಹಿಡಿದು ನೋಡಿದಳು.

"ಚೆನ್ನಾಗಿ ಕೂತಿದೆ" ಎಂದು ಇಸ್ತ್ರಿಪೆಟ್ಟಿಗೆ ಹಿಡಿದ. ಅಷ್ಟೇ! ಅವಳ ಮುಖ ಸಣ್ಣಗಾಯಿತು.

ಮಧ್ಯಾಹ್ನ ಡ್ರೈವರನ ಹೆಂಡತಿ ಬಂದಳು, ನಗು ತಡೆಯಲಾರದೆ.

"ಏನಮ್ಮ ಟೈಲರಮ್ಮ, ನಮ್ಮ ಯಜಮಾನರಿಗೆ ಏನು ಮಾಡಿದೆ? ಇಪ್ಪತ್ತು ವರ್ಷದಲ್ಲಿ ಒಂದು ಲೋಟ ನೀರು ತಾವಾಗಿ ತಗೊಂಡೋರಲ್ಲ. ಇವತ್ತು ನಂಗೇ ಟೀ ಮಾಡಿಕೊಟ್ರು! 'ಮನಸ್ಸಲ್ಲಿ ಇಷ್ಟು ಇಟ್ಕೊಂಡು ಬಾಯಲ್ಲಿ ಬರೀ ಬೈತಿದ್ದೆಯಲ್ಲೇ' ಅಂತ ಕಾಲರ್ ತೋರಿಸಿದ್ರು. ನಾನು ಬರೆಸಿದ್ದೇ ಅಲ್ಲ!"

ಟೈಲರಮ್ಮನ ಕಿವಿ ಬಿಸಿಯಾಯಿತು. "ಅಕ್ಕ, ಅಂಗಿ ವಾಪಸ್ ಕೊಡಿ, ದಾರ ಬಿಚ್ಚಿ..."

"ಬಿಚ್ಚೋದಾ? ಬೆರಳು ಮುರೀತೀನಿ ನೋಡು! ಬರೆಸಿದ್ದು ನಾನೇ ಅಂತ ಒಪ್ಕೊಂಡಾಯ್ತು. ನೀನೂ ಬಾಯಿ ಬಿಡಬೇಡ."

ಆಕೆ ಹೋದ ಮೇಲೆ ಗಂಡ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ.

"ಇಸ್ತ್ರಿ ಮಾಡುವಾಗ ನಾನೂ ಓದಿದ್ದೆ ಕಣೇ. ಡ್ರೈವರಣ್ಣ ಪುಣ್ಯವಂತ ಅಂತ ಸ್ವಲ್ಪ ಹೊಟ್ಟೆನೂ ಉರೀತು. ಆಕೆ ಬರೆಸಿಲ್ಲ ಅಂದ್ರೆ, ಮತ್ತೆ ಯಾರ ಮಾತದು?"

ಯಂತ್ರದ ಚಕ್ರ ನಿಂತಿತು. ತಲೆ ತಗ್ಗಿಸಲು ಹೋದವಳ ಕಣ್ಣಿಗೆ ಸಾಲಾಗಿ ಕೂತಿದ್ದ ಆರು ಬಾಬಿನ್‌ಗಳು ಬಿದ್ದವು.

"ರೀ."

"ಏನೇ? ಕತ್ತರಿನಾ?"

"ಕತ್ತರಿ ಅಲ್ಲ. ಆ ಪುಣ್ಯವಂತ ನೀವೇ. ಅದು ನಿಮ್ಮ ಅಂಗಿ. ಚೀಟಿ ಅದಲುಬದಲಾಯ್ತು." ಬೀದಿಗೂ ಕೇಳುವಷ್ಟು ಜೋರಾಗಿ ಹೇಳಿಬಿಟ್ಟಳು: "ನೀವಿದ್ದೀರಿ, ಸಾಕು!"

ಎದುರಿನ ಅಂಗಡಿಯವನು ಇಣುಕಿದ. ಗಂಡನ ಮುಖ ಊರಗಲವಾಯಿತು.

"ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದು ಸಲ ಹೇಳು."

"ಕತ್ತರಿ ಕೊಡಿ" ಅಂದಳು, ನಗುತ್ತ.

ಮರುದಿನ ಬೆಳಿಗ್ಗೆ ಯಂತ್ರದ ಪಕ್ಕ ಏಳು ಬಾಬಿನ್‌ಗಳಿದ್ದವು. ಏಳನೆಯದರಲ್ಲಿ ಕೆಂಪು ದಾರ. ಅದರ ಪಕ್ಕದಲ್ಲೇ ಅವನ ನೀಲಿ ಅಂಗಿ, ಕಾಲರ್ ಬಿಡಿಸಿ ಇಟ್ಟಿತ್ತು.