ಪ್ರಚಾರ ಕಾರ್ಯದರ್ಶಿ ವಂದಿಸಿದರು

1

ಎಲ್ಲಿಂದ ಶುರು ಮಾಡಲಿ?

ಸಾವಿನಿಂದ ಶುರು ಮಾಡಿದರೆ ನೀವು ಮೊದಲ ಸಾಲಿಗೇ ಕನಿಕರಪಡುತ್ತೀರಿ. ಕನಿಕರ ಬಂದ ಮೇಲೆ ಯಾರೂ ಸರಿಯಾಗಿ ಓದುವುದಿಲ್ಲ. ಮದುವೆಯಿಂದ ಶುರು ಮಾಡಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನಿಮಗೆ ಗೊತ್ತಾಗಿಬಿಡುತ್ತದೆ. ಏಣಿಯಿಂದ ಶುರು ಮಾಡೋಣವೆಂದರೆ ಅದು ಪ್ಯಾಸೇಜಿನಲ್ಲಿ ಗೋಡೆಗೆ ಒರಗಿ ನಿಂತಿದೆ. ಅದರತ್ತ ನೋಡದೆ ಅಡುಗೆಮನೆಗೆ ಹೋಗುವುದನ್ನು ಈಗಷ್ಟೇ ರೂಢಿ ಮಾಡಿಕೊಂಡಿದ್ದೇನೆ.

ಬೆಳಗಿನಿಂದ ಶುರು ಮಾಡುತ್ತೇನೆ. ಅಂತ್ಯಕ್ರಿಯೆಯ ಮಾರನೆಯ ಬೆಳಗು. ನೆಂಟರೆಲ್ಲ ಹೋಗಿದ್ದರು. ಹಾಲಿನ ಪ್ಯಾಕೆಟ್ ಬಂತು. ನಲ್ಲಿಯಲ್ಲಿ ನೀರು ಬಂತು. ಪೇಪರ್ ಬಂತು. ಅವಕ್ಕೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲವೆಂದು ಕಾಣುತ್ತದೆ.

2

ಪೇಪರಿನ ಮೂರನೇ ಪುಟದಲ್ಲಿ ನನ್ನ ಗಂಡ ವಂದಿಸಿದರು.

ಏಳನೇ ಪುಟದಲ್ಲಿ ತೀರಿಕೊಂಡಿದ್ದರು.

(ಇದು ಕಥೆ ಕಟ್ಟುವವಳ ತಂತ್ರವಲ್ಲ. ತಂತ್ರವಾಗಿದ್ದರೆ ಇನ್ನೂ ನಾಜೂಕಾಗಿ ಮಾಡುತ್ತಿದ್ದೆ.)

ಅವರು ನಮ್ಮ ಏರಿಯಾದ ಯುವಕ ಸಂಘದ ಪ್ರಚಾರ ಕಾರ್ಯದರ್ಶಿ. ಸಂಬಳವಿಲ್ಲದ ಕೆಲಸ. ಸಂಘದ ಕಾರ್ಯಕ್ರಮವಿದ್ದಾಗಲೆಲ್ಲ ಹಿಂದಿನ ದಿನವೇ ಸುದ್ದಿ ಬರೆದು, ಎಲ್ಲ ಆಗಲೇ ಮುಗಿದ ಹಾಗೆ ಪೇಪರ್ ಆಫೀಸಿಗೆ ಕೊಟ್ಟು ಬರುತ್ತಿದ್ದರು. ಅಚ್ಚಿಗೆ ಹೋಗುವ ಪುಟ ಸಂಜೆಗೇ ಮುಚ್ಚುತ್ತದೆ, ಯುವಕ ಸಂಘಕ್ಕಾಗಿ ಯಾರೂ ಪುಟ ಹಿಡಿದುಕೊಂಡು ಕೂರುವುದಿಲ್ಲ. ಎಲ್ಲ ಸಂಘದವರೂ ಹಾಗೇ ಮಾಡುತ್ತಾರೆ. ಭಾಷಣಗಳು ಆಗುವ ಮೊದಲೇ ಆಗಿರುತ್ತವೆ.

ಈ ಸಲ ಸಮುದಾಯ ದಿನಾಚರಣೆ. ಅವತ್ತು ಬೆಳಿಗ್ಗೆ ಸಭಾಂಗಣದ ಗೇಟಿಗೆ ಬ್ಯಾನರ್ ಕಟ್ಟಲು ಏಣಿ ಹತ್ತಿದವರು ಕೆಳಗೆ ಬಿದ್ದರು. ಆಸ್ಪತ್ರೆ ಮುಟ್ಟಲಿಲ್ಲ. ಕಾರ್ಯಕ್ರಮ ನಡೆಯಲಿಲ್ಲ. ಕೊಟ್ಟ ಸುದ್ದಿಯನ್ನು ವಾಪಸ್ ತೆಗೆದುಕೊಳ್ಳಬೇಕೆಂದು ಆ ಗಲಾಟೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಜಾಗವಿಲ್ಲದೆ ಅದು ಒಂದು ದಿನ ತಡವಾಗಿ ಅಚ್ಚಾಯಿತು.

“ಸಭಾಂಗಣದಲ್ಲಿ ಯುವಜನರು ಕಿಕ್ಕಿರಿದು ನೆರೆದಿದ್ದರು. ಯುವಶಕ್ತಿ ಒಂದಾಗಬೇಕೆಂದು ಅಧ್ಯಕ್ಷರು ಕರೆ ನೀಡಿದರು. ಪ್ರಚಾರ ಕಾರ್ಯದರ್ಶಿ ವಂದಿಸಿದರು.”

3

ಅತ್ತೆ ಪೇಪರ್ ಓದುವುದು ಕೊನೆಯ ಪುಟದಿಂದ. ಅವರ ಓದಿನಲ್ಲಿ ಮಗ ಮೊದಲು ತೀರಿಕೊಂಡು ಆಮೇಲೆ ವಂದಿಸಿದ.

“ನೋಡೇ ಇಲ್ಲಿ,” ಅಂದರು. “ವಂದಿಸಿದ್ದಾನೆ.”

“ಅದು ಮುಂಚೇನೇ ಬರೆದು ಕೊಟ್ಟಿದ್ದು ಅತ್ತೆ.”

“ಗೊತ್ತು. ನನಗೆ ಅಷ್ಟೂ ತಿಳಿಯಲ್ವಾ?” ಕನ್ನಡಕ ತೆಗೆದರು. ಆ ಪುಟವನ್ನು ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡರು. “ಆದ್ರೂ ಅಚ್ಚಾಗಿದೆಯಲ್ಲ.”

(ಎಂ.ಎ.ಯಲ್ಲಿ ಕಥೆಯ ಕಾಲಕ್ರಮದ ಬಗ್ಗೆ ಒಂದು ಇಡೀ ಸೆಮಿಸ್ಟರ್ ಓದಿದ್ದೆ. ಉಪಯೋಗಕ್ಕೆ ಬರಲಿಲ್ಲ.)

4

ಡ್ರಾಫ್ಟ್: “ಅವರು ನಗುನಗುತ್ತಾ ಎಲ್ಲರೊಳಗೆ ಒಂದಾಗಿ—”

ಹೊಡೆದು ಹಾಕಿದೆ. ಇದು ಏಳನೇ ಪುಟದ ಭಾಷೆ.

ಡ್ರಾಫ್ಟ್: ಕೇಬಲ್ ಚಾನೆಲ್‌ನಲ್ಲಿ ಸಿನಿಮಾದ ಕೆಳಗೆ ಓಡುವ ಅಕ್ಷರಗಳಲ್ಲಿ ಸಂಘದ ಹೆಸರು ಬಂದರೆ ಊಟ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಆಟೋಗೆ ಮೈಕ್ ಕಟ್ಟಿಸಿ ಬೀದಿ ಬೀದಿ ಸುತ್ತುತ್ತಿದ್ದರು. ಎಫ್ಎಂಗೆ ಫೋನ್ ಮಾಡಿ ಯಾವುದೋ ಹಾಡು ಕೇಳುತ್ತಿದ್ದರು. ಯಾರಿಗೆ ಡೆಡಿಕೇಟ್ ಮಾಡ್ತೀರಾ ಸರ್ ಎಂದು ರೇಡಿಯೋ ಹುಡುಗಿ ಕೇಳಿದರೆ, “ನಮ್ಮ ಸಂಘದ ಎಲ್ಲ ಸದಸ್ಯರಿಗೆ, ಮತ್ತೆ ಇನ್ನೂ ಸದಸ್ಯರಾಗದೇ ಇರೋರಿಗೆ.”

ಇದನ್ನು ಇಟ್ಟುಕೊಳ್ಳುತ್ತೇನೆ. ಇನ್ನೂ ಸದಸ್ಯರಾಗದೇ ಇದ್ದವರೇ ಹೆಚ್ಚು. ಹೇಳಬೇಕೆಂದರೆ ಇಡೀ ಊರು.

5

ಇಬ್ಬರು ಬಂದರು. ಒಬ್ಬರು ಸಂಘದ ಅಧ್ಯಕ್ಷರು, ಕೂದಲಿಗೆ ಬಣ್ಣ ಹಾಕುವ ಯುವಕ. ಇನ್ನೊಬ್ಬರು ಪೇಪರಿನ ವರದಿಗಾರರು. ಪ್ರವಾಹ ಬರಲಿ, ಪ್ರೈಮರಿ ಶಾಲೆಯ ವಾರ್ಷಿಕೋತ್ಸವ ಬರಲಿ, ಎರಡೇ ಕಾಲಂ ಕೊಡುತ್ತಾರೆಂದು ನನ್ನ ಗಂಡ ಅವರನ್ನು ಎರಡು ಕಾಲಂ ಎಂದೇ ಕರೆಯುತ್ತಿದ್ದರು.

“ದೊಡ್ಡ ತಪ್ಪಾಗಿದೆ ಮೇಡಂ,” ಅಂದರು ಎರಡು ಕಾಲಂ. “ತಿದ್ದುಪಡಿ ಹಾಕ್ತೀವಿ. ಕಾರ್ಯಕ್ರಮ ನಡೆದಿಲ್ಲ, ಅವರು ವಂದಿಸಿಲ್ಲ ಅಂತ.”

ಒಳಗಿನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು.

“ಅದೆಲ್ಲ ಯಾಕೆ?” ಅಂದರು ಅಧ್ಯಕ್ಷರು. “ಅತ್ತಿಗೆ, ಬರೋ ಭಾನುವಾರ ಅದೇ ಹಾಲ್‌ನಲ್ಲಿ ನೆನಪಿನ ಕಾರ್ಯಕ್ರಮ ಇಟ್ಕೊಳ್ಳೋಣ. ಗೇಟಿಗೆ ಅವನ ದೊಡ್ಡ ಫೋಟೋ. ಕೇಬಲ್‌ನವರೂ ಬರ್ತಾರೆ. ನೀವು ಓದಿದೋರು, ಸುದ್ದಿ ನೀವೇ ಬರೆದ್ಬಿಡಿ. ಶನಿವಾರ ಸಂಜೆಗೆ ಕೊಟ್ರೆ ಸಾಕು.”

“ಏನಂತ?”

“ಮಾಮೂಲಿನೇ. ಯುವಜನರು ಸೇರಿದ್ರು, ಕಂಬನಿ ಮಿಡಿದ್ರು. ಕೊನೇಲಿ ಪತ್ನಿ ವಂದಿಸಿದರು.”

“ನಾನು?”

“ಜನ ಬಂದ್ರೆ ಈಗಲೇ ಬರಬೇಕು ಅತ್ತಿಗೆ. ಒಂದು ತಿಂಗಳು ಬಿಟ್ರೆ ಯಾರಿಗೂ ನೆನಪಿರಲ್ಲ.”

ಅಧ್ಯಕ್ಷರು ಕೆಟ್ಟವರಲ್ಲ. ಹೇಳಿದ್ದು ನಿಜ. ಹೇಳಿದ ಮೇಲೆ ಅತ್ತೂಬಿಟ್ಟರು. ಟೀ ಕೊಟ್ಟೆ.

“ಅವತ್ತು ಏಣಿ ಹಿಡ್ಕೊಂಡಿದ್ದು ಯಾರು?” ಅಂತ ಕೇಳಿದೆ.

“ನಾನು ಅತಿಥಿಗಳನ್ನ ಕರ್ಕೊಂಡು ಬರೋಕೆ ಹೋಗಿದ್ದೆ.”

“ಮಿಕ್ಕವರು?”

“ಮಿಕ್ಕವರು ಅಂದ್ರೆ…” ಎಂದು ಲೋಟದೊಳಗೆ ನೋಡಿದರು.

ಸಭಾಂಗಣದ ವಾಚ್‌ಮನ್ ನನಗೆ ಆಗಲೇ ಹೇಳಿದ್ದ. “ಹುಡುಗರು ಬರ್ತಾರೆ, ಹಿಡ್ಕೋತಾರೆ ಅಂತ ಕಾಯ್ತಾ ನಿಂತಿದ್ರು ಅಮ್ಮ, ಬಿಸಿಲು ಏರಿದ ಮೇಲೆ ಒಬ್ರೇ ಹತ್ತಿದ್ರು.”

“ತಿದ್ದುಪಡಿ ಹಾಕೋದಾದ್ರೆ ಇದನ್ನ ಹಾಕಿ,” ಅಂದೆ. “ಯುವಜನರು ಕಿಕ್ಕಿರಿದು ನೆರೆದಿರಲಿಲ್ಲ. ಏಣಿ ಹಿಡಿಯೋಕೆ ಒಬ್ಬರೂ ಇರಲಿಲ್ಲ.”

ಎರಡು ಕಾಲಂ ಪೆನ್ನಿನ ಕ್ಯಾಪ್ ಹಾಕಿದರು. “ಅದು ತಿದ್ದುಪಡಿ ಆಗಲ್ಲ ಮೇಡಂ. ಆರೋಪ ಆಗುತ್ತೆ.”

6

ಇಲ್ಲಿ ನನ್ನ ಗಂಡ ಕಥೆಯೊಳಗೆ ಬಂದರು. ಬರಬೇಡಿ ಅಂದಿದ್ದೆ.

“ಬರೆದು ಕೊಡು,” ಅಂದರು. “ನಾನಿದ್ದಿದ್ರೂ ಇದನ್ನೇ ಮಾಡ್ತಿದ್ದೆ.”

“ನೀವು ಇಲ್ಲ ಅನ್ನೋದೇ ಈ ಕಾರ್ಯಕ್ರಮ.”

“ಅದಕ್ಕೇ ಜನ ಬರ್ತಾರೆ. ಇಷ್ಟು ವರ್ಷ ಮೈಕ್ ಕಟ್ಟಿ ಕೂಗಿದ್ದಕ್ಕೆ ಬರಲಿಲ್ಲ. ಫೋಟೋ ಯಾವುದು ಹಾಕ್ತಾರಂತೆ? ಲೈಸೆನ್ಸಲ್ಲಿರೋದು ಬೇಡ, ಕಳ್ಳನ ಹಾಗೆ ಕಾಣ್ತೀನಿ.”

“ಬಿದ್ದಾಗ ಏನು ಯೋಚನೆ ಮಾಡ್ತಿದ್ರಿ?”

“ಬ್ಯಾನರ್ ಎಡಕ್ಕೆ ವಾಲಿತ್ತು.”

(ಈ ಉತ್ತರ ನಾನು ಬರೆದದ್ದು. ಬೇರೆ ಉತ್ತರಗಳನ್ನೂ ಬರೆದು ನೋಡಿದೆ, ನನ್ನ ಹೆಸರು ಬರುವಂಥವನ್ನು. ಯಾವುದೂ ಅವರ ಬಾಯಿಗೆ ಒಗ್ಗಲಿಲ್ಲ.)

ಅತ್ತೆಯೂ ತಕರಾರು ತೆಗೆದರು. “ನನ್ನ ಬಗ್ಗೆ ಏನೇನೋ ಬರೀತಿದ್ದೀಯಂತೆ. ಅಳೋ ಹಾಗೆ ಬರೀಬೇಡ.”

“ಬರೆದಿಲ್ಲ ಅತ್ತೆ. ನೀವು ಅತ್ತಿಲ್ಲವಲ್ಲ.”

“ನೀನೂ ಅತ್ತಿಲ್ಲ,” ಅಂದರು. ಆಮೇಲೆ ದಿಂಬಿನ ಮೇಲೆ ಕೈ ಇಟ್ಟು, “ಆ ಸಾಲನ್ನ ಅಳಿಸೋಕೆ ಮಾತ್ರ ಅವರಿಗೆ ಹೇಳಬೇಡ.”

7

ಶನಿವಾರ. ಮುಕ್ತಾಯಗಳು ಸಿದ್ಧವಾಗಿವೆ.

ಅ) ಸಭಾಂಗಣ ತುಂಬಿತ್ತು. ಯುವಜನರು ಗೇಟಿನಾಚೆಗೂ ನಿಂತಿದ್ದರು. ಪತ್ನಿ ವಂದಿಸಿದರು. ಸಂಘ ಉಳಿಯಿತು. (ನನ್ನ ಗಂಡನಿಗೆ ಇದು ಇಷ್ಟ. ಪ್ರೂಫ್ ಕೂಡ ನೋಡಿಕೊಟ್ಟರು.)

ಆ) ತಿದ್ದುಪಡಿ ಅಚ್ಚಾಯಿತು. ಅವರು ವಂದಿಸಿರಲಿಲ್ಲ. ಅತ್ತೆ ಅವತ್ತು ಪೇಪರನ್ನು ಹಿಂದಿನಿಂದ ಓದುತ್ತಾ ಬಂದು ಮೂರನೇ ಪುಟಕ್ಕೆ ಮುಟ್ಟಿದರು.

ಇ) ಯಾರೂ ಏನೂ ಬರೆಯಲಿಲ್ಲ. ಹಾಲಿನ ಪ್ಯಾಕೆಟ್ ಬಂತು.

ಮೂರನ್ನೂ ನಡೆಯುವ ಮೊದಲೇ ಬರೆದಿದ್ದೇನೆ, ಸಂಘದ ಪದ್ಧತಿಯಂತೆ. ಒಂದನ್ನು ಆರಿಸಿ ಸಂಜೆಗೆ ಕಳಿಸಬೇಕು. ಮೊದಲನೆಯದನ್ನು ಕಳಿಸಿದರೆ ನಾನೂ ಕಿಕ್ಕಿರಿದ ಖಾಲಿ ಹಾಲ್‌ನ ಸುದ್ದಿ ಬರೆದವಳಾಗುತ್ತೇನೆ. ಎರಡನೆಯದಕ್ಕೆ ಅತ್ತೆಯ ದಿಂಬಿನ ಕೆಳಗೆ ಕೈ ಹಾಕಬೇಕು. ಮೂರನೆಯದನ್ನು ಕಳಿಸುವ ಅಗತ್ಯವೇ ಇಲ್ಲ, ಅದು ತಾನಾಗಿಯೇ ಬರುತ್ತದೆ.

ಇನ್ನು ಮುಂದಿನದನ್ನು ಮಾತ್ರ ಮೊದಲೇ ಬರೆದಿಲ್ಲ.

8

ಏಣಿ ನಮ್ಮದಲ್ಲ. ಎರಡು ಬೀದಿ ಆಚೆಯ ಬೋರ್ಡ್ ಪೇಂಟರ್‌ನದು. ಬ್ಯಾನರ್ ಕಟ್ಟೋಕೆ ಒಂದು ಗಂಟೆ ಬೇಕು ಅಂತ ನನ್ನ ಗಂಡ ಕೇಳಿ ತಂದಿದ್ದರು. ಆ ದಿನ ಯಾರೋ ಅವರ ಚಪ್ಪಲಿಯ ಜೊತೆ ಅದನ್ನೂ ಅವರದೇ ವಸ್ತುವೆಂದು ನಮ್ಮ ಮನೆಗೆ ಸಾಗಿಸಿದ್ದರು. ಪೇಂಟರ್ ಅಂತ್ಯಕ್ರಿಯೆಗೆ ಬಂದಿದ್ದರು. ಪ್ಯಾಸೇಜಿನಲ್ಲಿ ಅದರ ಪಕ್ಕದಲ್ಲೇ ನಿಂತಿದ್ದರು. ಕೇಳಲಿಲ್ಲ.

ಮಧ್ಯಾಹ್ನ ಅದನ್ನು ಹೆಗಲಿಗೆ ಏರಿಸಿದೆ. ಹೊರಗೆ ಬರುವಾಗ ಹಿಂದಿನ ತುದಿ ಬಾಗಿಲಿಗೆ ಬಡಿಯಿತು.

“ಎಲ್ಲಿಗೇ ಅದು?” ಅಂದರು ಅತ್ತೆ.

“ಕೇಳಿ ತಂದಿದ್ದು ಅತ್ತೆ. ಕೊಟ್ಟು ಬರ್ತೀನಿ.”

ಬೀದಿಯ ತಿರುವಿನಲ್ಲಿ ಏಣಿ ತಿರುಗುವುದಕ್ಕೆ ಜಾಗ ಬೇಕಾಯಿತು. ಸ್ಕೂಟರ್‌ನವನೊಬ್ಬ ಬ್ರೇಕ್ ಹಾಕಿದ. “ಯಾರನ್ನಾದ್ರೂ ಕರೀಬಾರ್ದಾ ಮೇಡಂ, ಇನ್ನೊಂದು ಕಡೆ ಹಿಡಿಯೋಕೆ?”

“ಕರೆದ್ರೆ ಬರ್ತಾರಾ?”

ತಮಾಷೆಯೆಂದುಕೊಂಡು ನಕ್ಕು ಹೋದ.

ಪೇಂಟರ್ ಒಂದು ಅಂಗಡಿಯ ಮುಂದೆ ಸ್ಟೂಲಿನ ಮೇಲೆ ನಿಂತಿದ್ದರು. ಬೋರ್ಡಿನ ಕೆಳಗಿನ ಸಾಲು ಮುಗಿದಿತ್ತು, ವಿಳಾಸ, ಫೋನ್ ನಂಬರ್. ಅಂಗಡಿಯ ಹೆಸರಿನ ಜಾಗ ಖಾಲಿ. ಕೈ ಎಟುಕುತ್ತಿರಲಿಲ್ಲ.

“ನೀವ್ಯಾಕಮ್ಮ ಹೊತ್ಕೊಂಡು ಬಂದ್ರಿ? ನಾನೇ ಬಂದು ತಗೊಳ್ತಿದ್ದೆ.”

“ಯಾವಾಗ?”

ಬ್ರಶ್ಶನ್ನು ಬಟ್ಟೆಗೆ ಒರೆಸಿದರು. “ಬರ್ತಿರಲಿಲ್ಲ ಬಿಡಿ.”

ಗೋಡೆಗೆ ಒರಗಿಸಿದೆವು. ಅವರು ಒಂದು ಮೆಟ್ಟಿಲ ಮೇಲೆ ಕಾಲಿಟ್ಟು, ಇಳಿದು, ಅಂಗಡಿಯೊಳಗೆ ಇಣುಕಿದರು. ಅಲ್ಲಿ ಯಾರೂ ಇರಲಿಲ್ಲ. ನನ್ನತ್ತ ನೋಡಿದರು, ಕೇಳಲು ನಾಚಿಕೆಪಟ್ಟುಕೊಂಡು.

“ಹತ್ತಿ,” ಅಂದೆ.

ಹತ್ತಿದರು. ಏಣಿ ಅದುರಿತು. ಅದರ ಮೈಯೊಳಗಿನ ನಡುಕ ನನ್ನ ಮೊಣಕೈವರೆಗೆ ಬಂತು. ಇದು ಇಷ್ಟೊಂದು ಅದುರುತ್ತದೆಂದು ನನಗೆ ಗೊತ್ತಿರಲಿಲ್ಲ.

“ಹಿಡಿದಿದ್ದೀರಾ ಅಮ್ಮ?”

“ಹಿಡಿದಿದ್ದೀನಿ.”

ಮೊದಲ ಅಕ್ಷರ ಬಂತು. ಹಳದಿ ಬಣ್ಣದ ಒಂದು ಹನಿ ನನ್ನ ಮಣಿಕಟ್ಟಿನ ಮೇಲೆ ಬಿತ್ತು.

“ಇದ್ದೀರಾ?”

“ಇದ್ದೀನಿ.”

ಸಂಜೆಯಾಗುತ್ತಿದೆ. ನನ್ನ ಬ್ಯಾಗಿನಲ್ಲಿ ಫೋನ್ ಹೊಡೆದುಕೊಳ್ಳುತ್ತಿದೆ. ಎರಡು ಕಾಲಂ ಇರಬೇಕು, ಪುಟ ಮುಚ್ಚುವ ಹೊತ್ತು. ನಿಂತಿತು. ಮತ್ತೆ ಶುರುವಾಯಿತು. ನಿಮಗೆ ಮುಕ್ತಾಯ ಬೇಕೇ ಬೇಕೆಂದರೆ ಮೇಲಿನ ಮೂರರಲ್ಲಿ ಒಂದನ್ನು ಎತ್ತಿಕೊಳ್ಳಿ, ನನ್ನ ತಕರಾರಿಲ್ಲ.

ಪೇಂಟರ್ ಇನ್ನೂ ಇಳಿದಿಲ್ಲ. ನನ್ನ ಎರಡೂ ಕೈ ಏಣಿಯ ಮೇಲಿವೆ.