ಹಕ್ಕಿಗೆ ಕೊಟ್ಟ ದನಿ

“ಒಂದೂರಾಗ ಒಬ್ಬಾಕಿ ಇದ್ದಳಂತ. ಮಾತ ಬಾಳ. ಒಂದಿನ ತನ್ನ ದನಿ ಹಕ್ಕಿಗಿ ಕೊಟ್ಟ, ಕಣಕುಂಬಿ ಅಡವಿಗಿ ಕಳಿಸಿದಳಂತ. ಹಕ್ಕಿ ತಿರಗಿ ಬಂದ...”

ಕಾಂತಾಳ ಬೆರಳು ಅಲ್ಲಿಯೇ ನಿಂತಿತು. ಮುಂದಿನದು ಬರೀ ಗೀರು, ಕೊಕ್ಕೆ. ತಾನೇ ಬರೆದ ಶೀಘ್ರಲಿಪಿ ತನಗೇ ಓದಲು ಬರಲಿಲ್ಲ. ಎದುರಿಗೆ, ಗೋಡೆಗೆ ಒರಗಿಸಿ ಕೂಡಿಸಿದ್ದ ಅಜ್ಜಿ ಬಾಳವ್ವನ ಹೆಣ, ಹಣೆತುಂಬ ವಿಭೂತಿ ಹಚ್ಚಿಸಿಕೊಂಡು, ಮುಂದೇನಾಯಿತೆಂದು ಕಾಯುವಂತಿತ್ತು.

“ಕಾಂತಾ, ಹೊತ್ತಾತವಾ,” ಬಾಳವ್ವನ ಮಗ ತಮ್ಮಣ್ಣ ಬಾಗಿಲಲ್ಲಿ ನಿಂತು ಅಂದ. “ಅಯ್ಯನೋರು ಕಾಯಾಕತ್ತಾರ. ಆಮ್ಯಾಲ ಓದಿದ್ರಾತು.”

“ಆಮ್ಯಾಲ ಯಾರಿಗಿ ಓದ್ಲಿ, ಕಾಕಾ?”

“ಕತಿ ಅರ್ಧಕ್ಕ ಬಿಟ್ಟ ಏಳಾಕಿ ಅಲ್ಲ ನಿಮ್ಮವ್ವ,” ಬಾಜೂ ಮನೆಯ ಮುದುಕಿ ಮೆಹಬೂಬಿ ತಮ್ಮಣ್ಣನನ್ನು ಗದರಿದಳು. “ಎತ್ತಾಕ ಹೋಗ, ಬೈತಾಳ ನೋಡ.”

ಅಳುತ್ತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು.

*

ಖಾನಾಪುರದ ಹಂಚಿನ ಕಾರಖಾನೆಯಲ್ಲಿ ಹಸಿ ಹಂಚು ಮಗುಚಿ ಒಣಹಾಕುತ್ತ ಬಾಳವ್ವ ಇಪ್ಪತ್ತು ವರ್ಷ ಕಳೆದಿದ್ದಳು. ಒಂದು ಹಂಚಿಗೆ ಒಂದು ಮಾತಿನಂತೆ, ಜೊತೆಗೆ ದುಡಿಯುವ ಮೆಹಬೂಬಿಗೆ ಕತೆ ಹೇಳುತ್ತ.

ಎಪ್ಪತ್ತೆಂಟನೇ ಇಸವಿಯಲ್ಲಿ ಕಾಂತಾ ಬೆಳಗಾವಿಯ ಹಿಂದವಾಡಿಯಲ್ಲಿ ಶೀಘ್ರಲಿಪಿ ಕ್ಲಾಸಿಗೆ ಸೇರಿದಾಗ ಅಜ್ಜಿ ಕೇಳಿದ್ದು ಒಂದೇ. “ನಾ ಹೇಳಿದ್ದ ನನಗ ತಿರಗಿ ಓದಿ ಕೇಳಸ್ತೀಯೇನ?”

“ಖರೇನ ಕೇಳಸ್ತೀನಿ, ಆಯಿ.”

ಮೊದಲ ತಿಂಗಳು ಬರೀ ಗೆರೆ, ತೆಳುವಿಗೊಂದು ಸದ್ದು, ದಪ್ಪಕ್ಕೊಂದು. ಆಮೇಲೆ ಕೊಕ್ಕೆ, ಸುರುಳಿ. ದೀಪಾವಳಿಯ ಹೊತ್ತಿಗೆ, ನಿಧಾನ ಹೇಳಿದರೆ ಹಿಡಿಯಬಲ್ಲಳಾದಳು. ಆದರೆ ರವಿವಾರ ರೈಲು ಹತ್ತಿ ಬಂದು ಕೂತರೆ ಅಜ್ಜಿಯ ಮಾತು ಓಡುತ್ತಿತ್ತು. ದಪ್ಪ ಗೆರೆಯೆಲ್ಲ ತೆಳುವಾಗುತ್ತಿತ್ತು. ಕಿವಿಯಲ್ಲಿ ಮಾತಿನ ಬಿಸಿ ಆರುವ ಮುಂಚೆಯೇ ಕನ್ನಡ ಅಕ್ಷರದಲ್ಲಿ ಬಿಡಿಸಿ ಬರೆಯಿರಿ ಎಂದಿದ್ದರು ಮಾಸ್ತರು. ಕಾಂತಾ ಬರೆಯಲಿಲ್ಲ. ಇನ್ನಷ್ಟು ಕಲಿತು, ತಡವರಿಸದೆ ಓದುವ ಆಸೆ ಅವಳಿಗೆ.

“ಇವತ್ತ ಓದ್ತೀಯೇನವಾ?”

“ಮುಂದಿನ ವಾರ, ಆಯಿ.”

ಹೀಗೆಯೇ ಎರಡು ವರ್ಷ.

*

“ಈ ಕತಿ ತುದಿ ನಿನಗರ ಗೊತ್ತೈತೇನ, ಮೆಹಬೂಬಿ ಆಯಿ?”

“ಎಲ್ಲೀದವಾ! ತುದಿ ಬರೂದ್ರಾಗ ಕೆಲಸ ಬಿಡೂ ಭೋಂಗಾ ಕೂಗತಿತ್ತ. ತಡಿ, ಹಂಚಿನ ಕೂಡ ಓದ.”

ಮೆಹಬೂಬಿ ಹೆಣದ ಮುಂದೆ ಕೂತಳು. ಅಂಗೈ ಕೆಳಗೆ, ಅಂಗೈ ಮೇಲೆ; ಇಲ್ಲದ ಹಂಚುಗಳನ್ನು ಮಗುಚತೊಡಗಿದಳು. ಕಾಂತಾ ಮೊದಲಿನಿಂದ ಓದಿದಳು, ಒಂದು ಹಂಚಿಗೆ ಒಂದು ಮಾತು. ಈ ಸಲ ಬೆರಳು ನಿಲ್ಲಲಿಲ್ಲ. ಅಜ್ಜಿಯ ಉಸಿರು ಏರಿದಲ್ಲಿ ಗೆರೆಯೂ ಏರಿತ್ತು.

“ಹಕ್ಕಿ ತಿರಗಿ ಬಂದ ಆಕಿ ತೊಡಿ ಮ್ಯಾಲ ಕುಂತಿತಂತ. ಇಷ್ಟ ದಿನ ನೀ ಹೇಳಿದಿ, ಅಂದಿತಂತ. ಇನ್ನ ನೀ ಸುಮ್ನ ಕುಂದರ. ನಾ ಹೇಳತೀನಿ.”

ಮೆಹಬೂಬಿ ಕೊನೆಯ ಹಂಚನ್ನು ಮೆಲ್ಲಗೆ ಬಾಳವ್ವನ ತೊಡೆಯ ಮೇಲಿಟ್ಟು, ಒಡೆದೀತೆಂಬಂತೆ ಕೈ ತೆಗೆದಳು.